ಊರಿನ ಹಳೇ ಗುಡಿಗೆ ‘ಸಂರಕ್ಷಿತ ಸ್ಮಾರಕ’ ಮಾನ್ಯತೆ: ಅರ್ಜಿ ಸಿದ್ಧಪಡಿಸುವುದು ಹೇಗೆ?

ಊರಾಚೆಯ ಕಲ್ಲುಗುಡಿಯನ್ನು ಸರ್ಕಾರ ಸಂರಕ್ಷಿಸಬೇಕೆಂದು ಅರ್ಜಿ ಬರೆಯುವವರು ಮೂರು ಪುಟ ಇತಿಹಾಸ ಬರೆಯುತ್ತಾರೆ. ಯಾವ ಅರಸನ ಕಾಲ, ಯಾವ ಶೈಲಿ, ದ್ವಾರಬಂಧದಲ್ಲಿ ಏನು ಕೆತ್ತನೆ, ಎಲ್ಲವೂ ಇರುತ್ತದೆ. ಸರ್ವೆ ನಂಬರ್ ಮಾತ್ರ ಇರುವುದಿಲ್ಲ. ಕಡತ ಅಲ್ಲೇ ಕೂತುಬಿಡುತ್ತದೆ. ರಾಜ್ಯಪತ್ರದಲ್ಲಿ ಪ್ರಕಟವಾಗುವ ಅಧಿಸೂಚನೆಗೆ ಬೇಕಾದದ್ದು ಮುಖ್ಯವಾಗಿ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಮತ್ತು ಒಡೆತನ. ಸಂರಕ್ಷಣೆ ಎನ್ನುವುದು ಕಾನೂನಿನ ಕಣ್ಣಲ್ಲಿ ಒಂದು ತುಂಡು ನೆಲಕ್ಕೆ ಗೆರೆ ಎಳೆಯುವ ಕೆಲಸ. ಗೆರೆ ಎಲ್ಲಿ ಎಂದು ನೀವು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಯಾವ ಕಚೇರಿಗೆ ಹೋಗಬೇಕು?

ದಾರಿ ಮೂರು. ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು 1958ರ ಕೇಂದ್ರ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತದೆ. ಅದಕ್ಕೆ ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ ಮತ್ತು ಹಂಪಿ ವೃತ್ತಗಳಿವೆ. ಎರಡನೆಯದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಆಯುಕ್ತರ ಕಚೇರಿ ಮೈಸೂರಿನಲ್ಲಿದೆ. ಇದು ಕೆಲಸ ಮಾಡುವುದು ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕುರಿತ 1961ರ ರಾಜ್ಯ ಕಾಯ್ದೆಯಡಿ. ಎರಡೂ ಕಾಯ್ದೆಗಳಲ್ಲಿ ಸ್ಮಾರಕಕ್ಕೆ ಕನಿಷ್ಠ 100 ವರ್ಷ ಆಗಿರಬೇಕು.

ಮೂರನೆಯದು ನಗರ ಯೋಜನಾ ಪ್ರಾಧಿಕಾರ. ಜನ ವಾಸವಿರುವ ತೊಟ್ಟಿಮನೆಗಳ ಸಾಲು, ಹಳೇ ಪೇಟೆ ಬೀದಿ, ಅಗ್ರಹಾರ ಇಂಥವಕ್ಕೆ ಇದೇ ಸರಿಯಾದ ದಾರಿ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ‘ಪಾರಂಪರಿಕ ಕಟ್ಟಡ’, ‘ಪಾರಂಪರಿಕ ಪ್ರದೇಶ’ ಎಂಬ ವ್ಯಾಖ್ಯೆಗಳೇ ಇವೆ. ಕರಡು ಮಾಸ್ಟರ್ ಪ್ಲಾನ್ ಪ್ರಕಟವಾಗಿ ಆಕ್ಷೇಪಣೆ, ಸಲಹೆ ಕರೆದಾಗ ಬೀದಿಯ ಪಟ್ಟಿ ಮತ್ತು ನಕ್ಷೆ ಕೊಡುವುದು ಅತಿ ಒಳ್ಳೆಯ ಸಮಯ. ಪ್ಲಾನ್ ಅಂತಿಮವಾದ ಮೇಲೆ ಒಂದು ಬೀದಿ ಸೇರಿಸುವುದು ಬಹಳ ಕಷ್ಟ.

ಗ್ರಾಮದ ಗುಡಿ, ಕೋಟೆ, ಕಲ್ಯಾಣಿ, ಹಳೇ ಮಸೀದಿ, ಗೋರಿ, ಬಸದಿಗಳಿಗೆ ಬಹುಪಾಲು ರಾಜ್ಯ ಇಲಾಖೆಯೇ ಹೊಂದುತ್ತದೆ. ಮುಂದಿನ ವಿವರವೆಲ್ಲ ಅದಕ್ಕೆ ಸಂಬಂಧಿಸಿದ್ದು.

ಅರ್ಜಿಗೆ ಕೈಹಾಕುವ ಮುನ್ನ ಕೇಂದ್ರ ಮತ್ತು ರಾಜ್ಯ ಎರಡರ ಪಟ್ಟಿಯನ್ನೂ ನೋಡಿ. ಹಳೇ ಮೈಸೂರು, ಮುಂಬೈ, ಹೈದರಾಬಾದ್ ಆಡಳಿತಗಳ ಕಾಲದಲ್ಲೇ ಸಂರಕ್ಷಿತವೆಂದು ಘೋಷಣೆಯಾಗಿ, ಫಲಕ ಬಿದ್ದುಹೋಗಿ, ಊರಿನವರಿಗೇ ಮರೆತುಹೋದ ಸ್ಮಾರಕಗಳಿವೆ. ಇಲಾಖೆಯ ಗ್ರಾಮವಾರು ಸಮೀಕ್ಷೆಯ ತಾಲ್ಲೂಕು ಸಂಪುಟದಲ್ಲಿ ನಿಮ್ಮ ಗುಡಿ ದಾಖಲಾಗಿದ್ದರೆ ಅದೂ ದೊಡ್ಡ ಬಲ. ಆ ಪುಟದ ಪ್ರತಿ ಅರ್ಜಿಗೆ ಸೇರಲಿ.

ವಯಸ್ಸಿಗೆ ಸಾಕ್ಷಿ

‘ಸಾವಿರಾರು ವರ್ಷಗಳ ಪುರಾತನ ದೇವಾಲಯ’ ಎಂದು ಬರೆಯಬೇಡಿ. ಸ್ಥಳ ಪರಿಶೀಲನೆಗೆ ಬರುವ ಅಧಿಕಾರಿ ಕಂಬ ನೋಡಿದರೆ ಶತಮಾನ ಹೇಳಬಲ್ಲರು. ಒಂದು ಉತ್ಪ್ರೇಕ್ಷೆ ಕಂಡರೂ ಉಳಿದ ಮಾತುಗಳ ಮೇಲಿನ ನಂಬಿಕೆ ಹೋಗುತ್ತದೆ.

ಶಾಸನವಿದ್ದರೆ ಅದು ಈಗಾಗಲೇ ಪ್ರಕಟವಾಗಿದೆಯೇ ನೋಡಿ. ಹಳೇ ಮೈಸೂರು ಪ್ರದೇಶದ್ದಾದರೆ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕುವಾರು ಸಂಖ್ಯೆ ಸಿಗುತ್ತದೆ. ಮೈಸೂರು ಪುರಾತತ್ವ ಇಲಾಖೆಯ ಹಳೇ ವಾರ್ಷಿಕ ವರದಿಗಳಲ್ಲಿ ಗುಡಿಯ ವರ್ಣನೆ, ನಕ್ಷೆಯೂ ಇರಬಹುದು. ಉತ್ತರ ಕರ್ನಾಟಕದ್ದಾದರೆ ದಕ್ಷಿಣ ಭಾರತ ಶಾಸನಗಳ ಸಂಪುಟಗಳನ್ನು ನೋಡಿ. ಸಂಪುಟ, ತಾಲ್ಲೂಕು, ಸಂಖ್ಯೆ ಮೂರನ್ನೂ ಅರ್ಜಿಯಲ್ಲಿ ಬರೆಯಿರಿ.

ಕಾಲ ಲೆಕ್ಕ ಹಾಕುವಾಗ ಶಕವರ್ಷಕ್ಕೆ 78 ಕೂಡಿಸಬೇಕು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದ ಶಕ 1039 ಎಂದರೆ ಕ್ರಿ.ಶ. 1117. ಬರೀ ಸಂವತ್ಸರದ ಹೆಸರು ಉಳಿದಿದ್ದರೆ ಅದರಿಂದಲೇ ಕಾಲ ನಿರ್ಧರಿಸಬೇಡಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ: ಬೇಲೂರಿನ ಪ್ರತಿಷ್ಠೆ ನಡೆದ ಹೇವಿಳಂಬಿ ಸಂವತ್ಸರ 2017ರಲ್ಲೂ ಬಂದಿತ್ತು. ಇನ್ನೊಂದು ಎಚ್ಚರಿಕೆ: ಶಾಸನದ ಕಾಲವೇ ಗುಡಿಯ ಕಾಲವಲ್ಲ. ಇದ್ದ ಗುಡಿಗೆ ನಂತರ ಯಾರೋ ದತ್ತಿ ಬಿಟ್ಟ ಶಾಸನ ಅದಾಗಿರಬಹುದು. ಕೆರೆ ಏರಿಯ ಕಲ್ಲನ್ನು ತಂದು ಗುಡಿ ಮುಂದೆ ನಿಲ್ಲಿಸಿರಲೂಬಹುದು. ಕಲ್ಲು ಎಲ್ಲಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಡಿ.

ಅಕ್ಷರ ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು, ತಂತಿ ಬ್ರಷ್ ಹಾಕುವುದು ಬೇಡವೇ ಬೇಡ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮೈಗೆ ತೀರಾ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಬರೀ ಒರಟು ಮೈಯಾಗಿ ಕಂಡ ಕಡೆ ಅಕ್ಷರದ ಅಂಚುಗಳ ನೆರಳು ಬಿದ್ದು ಸಾಲು ಸಾಲಾಗಿ ಎದ್ದು ಕಾಣುತ್ತವೆ. ಒಬ್ಬರು ಟಾರ್ಚ್ ಹಿಡಿದು ಎಡ, ಬಲ, ಮೇಲಿನಿಂದ ಬೆಳಕು ಬಿಡಲಿ, ಇನ್ನೊಬ್ಬರು ಫ್ಲ್ಯಾಶ್ ಇಲ್ಲದೆ ಮೂರು ಫೋಟೊ ತೆಗೆಯಲಿ. ಲಿಪಿ ಬಲ್ಲವರು ಆ ಫೋಟೊಗಳಿಂದಲೇ ಸಾಕಷ್ಟು ಓದಬಲ್ಲರು. ಕಾಗದದ ಮೇಲೆ ಪಡಿಯಚ್ಚು ತೆಗೆಯುವ ಕೆಲಸ ಕಲಿತವರಿಗೇ ಇರಲಿ.

ಮನೆ, ವಾಡೆಗಳಿಗೆ ಶಾಸನ ಇರುವುದಿಲ್ಲ. ವಿಭಾಗಪತ್ರ, ಪುರಸಭೆಯ ಹಳೇ ಕಂದಾಯ ಪುಸ್ತಕ, ಬಾಗಿಲವಾಡದ ಮೇಲೆ ಕೆತ್ತಿದ ಇಸವಿ, ತಾರೀಕು ತಿಳಿದಿರುವ ಹಳೇ ಫೋಟೊ, ಇವುಗಳಲ್ಲಿ ಎರಡಾದರೂ ಪರಸ್ಪರ ಹೊಂದಬೇಕು.

ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ

ಹೆಚ್ಚು ದಿನ ಹಿಡಿಯುವ ಕೆಲಸ ಇದು. ಅರ್ಧ ಸಮಯ ಇದಕ್ಕೇ ಮೀಸಲಿಡಿ.

ಗುಡಿ ಹೊಲದ ನಡುವೆ ಇದ್ದರೆ ಆ ಜಾಗದ ಪಹಣಿ, ಮ್ಯುಟೇಷನ್ ಪ್ರತಿ, ತಾಲ್ಲೂಕು ಸರ್ವೆ ಶಾಖೆಯಿಂದ ಟಿಪ್ಪಣಿ (ಜಮೀನಿನ ಅಳತೆಯ ನಕ್ಷೆ), ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ) ಮತ್ತು ಗ್ರಾಮ ನಕ್ಷೆ ತೆಗೆಸಿ. ಆಕಾರಬಂದಿನಲ್ಲಿ ‘ಖರಾಬು’ (ಸಾಗುವಳಿಗೆ ಬಾರದ ಜಾಗ) ಎಂದು ಬಿಟ್ಟ ಕುಂಟೆಗಳಲ್ಲೇ ಗುಡಿ ಇರುವುದು ತುಂಬ ಸಾಮಾನ್ಯ. ಗುಡಿ ಗ್ರಾಮಠಾಣಾದೊಳಗೆ (ಊರಿನ ವಾಸದ ಜಾಗದೊಳಗೆ) ಇದ್ದರೆ ಪಹಣಿಯೇ ಇರುವುದಿಲ್ಲ. ಆಗ ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಅದರ ಸಂಖ್ಯೆ, ಅಳತೆ ಏನಿದೆ ನೋಡಬೇಕು. ಗಡಿ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರಿಂದ ಅಳೆಸಿಯೇ ಮುಂದೆ ಹೋಗಿ.

ಎಷ್ಟು ಜಾಗ ಕೇಳಬೇಕು ಎನ್ನುವುದು ನೀವು ಮಾಡುವ ದೊಡ್ಡ ತೀರ್ಮಾನ. 40 ಅಡಿ ಉದ್ದ, 25 ಅಡಿ ಅಗಲದ ಗುಡಿ ನಿಂತಿರುವುದು 1,000 ಚದರ ಅಡಿಯಲ್ಲಿ. ಒಂದು ಕುಂಟೆಯೆಂದರೆ 1,089 ಚದರ ಅಡಿ. ಅಂದರೆ ‘ಒಂದು ಕುಂಟೆ’ ಎಂದು ಬರೆದರೆ ಗೋಡೆಯಷ್ಟೇ ಒಳಗೆ ಬಂತು. ಮುಂದಿನ ದೀಪಸ್ತಂಭ, ಬಲಗಡೆಯ ವೀರಗಲ್ಲು, ಹಿಂದಿನ ಕಲ್ಯಾಣಿ, ಮಣ್ಣಲ್ಲಿ ಅರ್ಧ ಹೂತ ಬಲಿಪೀಠ ಎಲ್ಲ ಹೊರಗೆ ಉಳಿದವು. ಗುಡಿಗೆ ಸಂಬಂಧಿಸಿದ ಕೊನೆಯ ಕಲ್ಲಿನವರೆಗೆ ಟೇಪ್ ಹಿಡಿದು ಅಳೆಯಿರಿ, ಅದರಾಚೆ ಸುತ್ತ ತಿರುಗಾಡಲು ಜಾಗ ಬಿಡಿ. ಹಾಗೆಂದು ಪಕ್ಕದ ರೈತರ ತೋಟವನ್ನೂ ಸೇರಿಸಬೇಡಿ. ಅವರ ಆಕ್ಷೇಪಣೆಯಿಂದ ಇಡೀ ಪ್ರಸ್ತಾವ ನಿಲ್ಲಬಹುದು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ ಏನು ಎಂದು ಸರ್ವೆ ನಂಬರ್ ಸಮೇತ ಬರೆಯಿರಿ. ‘ಪೂರ್ವಕ್ಕೆ ಹುಣಸೆಮರ’ ಎನ್ನುವ ಚಕ್ಕುಬಂದಿ ಮರ ಇರುವ ತನಕ ಮಾತ್ರ. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಊರುಗಳಿರುತ್ತವೆ, ಹೋಬಳಿ ಬರೆಯುವುದನ್ನು ಮರೆಯಬೇಡಿ.

ಒಡೆಯರು, ಅರ್ಚಕರು, ಗ್ರಾಮಸ್ಥರು

ಮುಜರಾಯಿ ಗುಡಿಯಾದರೆ ಧಾರ್ಮಿಕ ದತ್ತಿ ಇಲಾಖೆ, ವಕ್ಫ್ ಆಸ್ತಿಯಾದರೆ ವಕ್ಫ್ ಮಂಡಳಿ, ಖಾಸಗಿಯಾದರೆ ಮಾಲೀಕರ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಮಾಲೀಕರ ಒಪ್ಪಿಗೆ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ, ಆದರೆ ಒಪ್ಪಿಗೆಯಿರುವ ಕಡತ ಬೇಗ ಸಾಗುತ್ತದೆ. ಅಣ್ಣತಮ್ಮಂದಿರ ಜಂಟಿ ಆಸ್ತಿಯಲ್ಲಿ ಹಿರಿಯರೊಬ್ಬರ ಸಹಿ ಸಾಲದು, ವಾರಸುದಾರರೆಲ್ಲರ ಸಹಿ ಬೇಕು.

‘ಸರ್ಕಾರ ಗುಡಿಗೆ ಬೀಗ ಹಾಕುತ್ತದೆ, ಪೂಜೆ ನಿಲ್ಲುತ್ತದೆ’ ಎಂಬ ಭಯ ಎಲ್ಲ ಊರಲ್ಲೂ ಇರುತ್ತದೆ. ಪೂಜೆ ನಡೆಯುತ್ತಿರುವ ಸ್ಮಾರಕದಲ್ಲಿ ಅದು ನಡೆದುಕೊಂಡು ಹೋಗುತ್ತದೆ, ಸಂರಕ್ಷಣೆಯಿಂದ ಮಾಲೀಕತ್ವ ತಾನಾಗಿ ಸರ್ಕಾರಕ್ಕೆ ಹೋಗುವುದಿಲ್ಲ. ನಿಲ್ಲುವುದು ಬೇರೆ: ಕಂಬಕ್ಕೆ ಎನಾಮಲ್ ಪೇಂಟ್, ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಮುಂದೆ ಆರ್‌ಸಿಸಿ ಮಂಟಪ. ಇವಕ್ಕೆಲ್ಲ ಇಲಾಖೆಯ ಅನುಮತಿ ಬೇಕು. ಇದನ್ನು ಮುಚ್ಚಿಡದೆ ಗ್ರಾಮಸಭೆಯಲ್ಲಿ ಮೊದಲೇ ಹೇಳಿ. ಜೀರ್ಣೋದ್ಧಾರಕ್ಕೆ ಚಂದಾ ಎತ್ತಿಟ್ಟ ಸಮಿತಿಯಿದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮಾತಾಡಿ. ಅವರ ಭಕ್ತಿ ದೊಡ್ಡದು, ವಿರೋಧವೂ ಅಷ್ಟೇ ಬಲವಾಗಿರುತ್ತದೆ. ಸಭೆಯ ನಡಾವಳಿಯ ದೃಢೀಕೃತ ಪ್ರತಿ ಅರ್ಜಿ ಜೊತೆ ಇರಲಿ.

ನಕ್ಷೆ ಮತ್ತು ಫೋಟೊ

ಕಟ್ಟಡದ ತಳನಕ್ಷೆ 1:100 ಪ್ರಮಾಣದಲ್ಲಿ ಸಾಕು. ಉತ್ತರ ದಿಕ್ಕು, ಅಳತೆ, ದಿನಾಂಕ ಇರಲಿ. ಅಕ್ಷಾಂಶ-ರೇಖಾಂಶ ಬರೆಯಿರಿ. ಫೋಟೊ ನಾಲ್ಕು ದಿಕ್ಕು, ನಾಲ್ಕು ಮೂಲೆ, ಒಳಗಿನ ಪ್ರತಿ ಅಂಕಣ, ಭುವನೇಶ್ವರಿ (ಚಾವಣಿಯ ಒಳಮೈಯ ಕೆತ್ತನೆ), ಶಿಖರ, ಬಿಡಿ ಶಿಲ್ಪಗಳು. ಚಿಕ್ಕ ವಸ್ತುವಿನ ಪಕ್ಕ ಅಳತೆಪಟ್ಟಿ ಇಡಿ. ಹಾಳಾಗಿರುವುದನ್ನೂ ತೆಗೆಯಿರಿ: ಬಿರುಕು, ಚಾವಣಿ ಮೇಲೆ ಬೇರೂರಿದ ಅರಳಿಗಿಡ, ನಿಧಿಗಳ್ಳರು ಅಗೆದ ಗುಂಡಿ. ನೀವು ಮಾತ್ರ ಏನನ್ನೂ ಅಗೆಯಬೇಡಿ, ವಿಗ್ರಹ, ವೀರಗಲ್ಲುಗಳನ್ನು ಕದಲಿಸಬೇಡಿ.

ಸಲ್ಲಿಸಿದ ಮೇಲೆ

ಅರ್ಜಿ ಆಯುಕ್ತರಿಗೆ, ಪ್ರತಿ ವಿಭಾಗದ ಉಪನಿರ್ದೇಶಕರಿಗೆ ಮತ್ತು ಜಿಲ್ಲಾಧಿಕಾರಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸ್ಥಳ ಪರಿಶೀಲನೆಯಾಗಿ ಇಲಾಖೆ ಒಪ್ಪಿದರೆ ಪ್ರಸ್ತಾವ ಸರ್ಕಾರಕ್ಕೆ ಹೋಗುತ್ತದೆ. ಆ ಬಳಿಕ ಪ್ರಾಥಮಿಕ ಅಧಿಸೂಚನೆ ರಾಜ್ಯಪತ್ರದಲ್ಲಿ ಬರುತ್ತದೆ. ಅದರ ಪ್ರತಿಯನ್ನು ಸ್ಮಾರಕದ ಬಳಿ ಎದ್ದು ಕಾಣುವಂತೆ ಅಂಟಿಸಬೇಕು. ಆಕ್ಷೇಪಣೆಗೆ ಎರಡು ತಿಂಗಳು. ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ ಅಂತಿಮ ಅಧಿಸೂಚನೆ ಹೊರಡಿಸುತ್ತಾರೆ.

ಪ್ರಾಥಮಿಕ ಅಧಿಸೂಚನೆ ಬಂದ ದಿನವೇ ಸರ್ವೆ ನಂಬರ್, ವಿಸ್ತೀರ್ಣ, ಊರ ಹೆಸರು ಒಂದೊಂದೂ ನಿಮ್ಮ ದಾಖಲೆಯೊಂದಿಗೆ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ಈ ಎರಡು ತಿಂಗಳಲ್ಲೇ ತಿದ್ದುಪಡಿ ಕೇಳಿ.

ಕಡತ ಅಲುಗಾಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ಏಕೆ ತಡ’ ಎಂದು ಕೇಳಬೇಡಿ. ‘ಈ ದಿನಾಂಕದ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ. ಯಾವ ದಾಖಲೆ ಕಡಿಮೆಯಾಗಿದೆ ಎಂಬುದು ಆ ಟಿಪ್ಪಣಿಯಲ್ಲೇ ಇರುತ್ತದೆ.

ಅಂತಿಮ ಅಧಿಸೂಚನೆಗೆ ಮುನ್ನ ಕಾಯ್ದೆಯ ಪೂರ್ಣ ರಕ್ಷಣೆ ಇಲ್ಲ ಎಂಬುದು ನೆನಪಿರಲಿ. ಕೆಡವುವ ಅಪಾಯ ಎದುರಿಗೇ ಇದ್ದರೆ ಜಿಲ್ಲಾಧಿಕಾರಿಗೆ ತುರ್ತು ಮನವಿ ಕೊಡಿ, ಅದೂ ಸಾಲದಿದ್ದರೆ ಹೈಕೋರ್ಟ್. ಬೆಂಗಳೂರಿನ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ನಾಗರಿಕರು ಕೋರ್ಟಿಗೆ ಹೋಗಿದ್ದರು; ಆ ಕೆಂಪು ಕಟ್ಟಡ ಇಂದಿಗೂ ಹೈಕೋರ್ಟಾಗಿ ನಿಂತಿದೆ.

ಘೋಷಣೆಯಾದ ನಂತರ

ತಹಶೀಲ್ದಾರರಿಗೆ ಅಧಿಸೂಚನೆ ಪ್ರತಿ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ‘ಸಂರಕ್ಷಿತ ಸ್ಮಾರಕ’ ಎಂದು ನಮೂದಿಸಲು ಕೇಳಿ. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಮುಂದೆ ಜಮೀನು ಕೊಳ್ಳುವವರಿಗೆ ವಿಷಯವೇ ಗೊತ್ತಾಗುವುದಿಲ್ಲ.

ಸುತ್ತಲಿನವರು ಮೊದಲು ಕೇಳುವ ಪ್ರಶ್ನೆ 100 ಮೀಟರ್ ನಿಯಮದ್ದು. 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ನಿಯಮ ಇರುವುದು ಕೇಂದ್ರ ಕಾಯ್ದೆಯಲ್ಲಿ, ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ. ರಾಜ್ಯದ ಸ್ಮಾರಕಕ್ಕೆ ಅನ್ವಯಿಸುವುದು ರಾಜ್ಯದ ಕಾಯ್ದೆ ಮತ್ತು ಅದರ ಅಧಿಸೂಚನೆ. ಅದರ ಪ್ರತಿಯನ್ನೇ ಪಂಚಾಯಿತಿ ಫಲಕಕ್ಕೆ ಹಾಕಿ.

ದುಡ್ಡು ಘೋಷಣೆಯ ಜೊತೆಗೇ ಬರುವುದಿಲ್ಲ. ದುರಸ್ತಿಗೆ ಬೇರೆಯಾಗಿ ಅಂದಾಜುಪಟ್ಟಿ, ಅನುದಾನ ಆಗಬೇಕು. ಇಲಾಖೆಯ ‘ನಮ್ಮ ಸ್ಮಾರಕ’ ದತ್ತು ಯೋಜನೆಯಡಿ ಸಂಸ್ಥೆಗಳು ಮುಂದೆ ಬರಬಹುದು. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಇಲಾಖೆ ಮತ್ತು ಗ್ರಾಮಸ್ಥರ ಜೊತೆ ಸೇರಿ ಅನೇಕ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಪಾರಂಪರಿಕ ಕಟ್ಟಡವೆಂದು ಹೆಸರಾಗಿದ್ದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಪ್ರಾಣಹಾನಿಯಾಯಿತು. ಹೀಗಾಗಿ ಅಂತಿಮ ಅಧಿಸೂಚನೆ ಕೈಸೇರಿದ ವಾರವೇ, ಮಳೆಗಾಲಕ್ಕೆ ಮುನ್ನ ಚಾವಣಿ ಸೋರಿಕೆ ನಿಲ್ಲಿಸುವ ಮತ್ತು ಅರಳಿಗಿಡ ತೆಗೆಯುವ ಕೆಲಸಕ್ಕೆ ಉಪನಿರ್ದೇಶಕರಿಗೆ ಎರಡನೇ ಅರ್ಜಿ ಕೊಡಿ. ಗಿಡವನ್ನು ನೀವೇ ಎಳೆದು ಕೀಳಬೇಡಿ. ಬೇರು ಕಲ್ಲಿನ ಸಂದಿಯಲ್ಲಿ ಹೆಣೆದುಕೊಂಡಿರುತ್ತದೆ, ಎಳೆದರೆ ಗಿಡದ ಜೊತೆ ಕಲ್ಲೂ ಬರುತ್ತದೆ.