ಸರ್ವರಿಗೊಂದು ಅಡ್ಡಹೆಸರು ಇಡುವುದು ಹೇಗೆ?

ರೇಷನ್ ಕಾರ್ಡಿನಲ್ಲಿ ವೆಂಕಟಸುಬ್ರಹ್ಮಣ್ಯ, ಮನೆಯಲ್ಲಿ ಸುಬ್ಬು. ಪೂರ್ತಿ ಹೆಸರು ಕೂಗಿ ಯಾರೂ ಅವನನ್ನು ಊಟಕ್ಕೆ ಕರೆಯುವುದಿಲ್ಲ. ದೂರದ ಸರ್ವರುಗಳ ಜೊತೆ ಕೆಲಸ ಮಾಡುವ ನಾವು ಮಾತ್ರ ದಿನಕ್ಕೆ ಹತ್ತಾರು ಸಲ ಪೂರ್ತಿ ವಿಳಾಸ ಟೈಪ್ ಮಾಡುತ್ತಾ ಕೂರುತ್ತೇವೆ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಒಳಹೋಗುವ ಆದೇಶ) ಅಂತ ಶುರು ಮಾಡಿ, ಪೋರ್ಟ್ ಸಂಖ್ಯೆ, ಕೀ ಇರುವ ಜಾಗ, ಬಳಕೆದಾರರ ಹೆಸರು, ಕೊನೆಗೆ ನಾಲ್ಕು ತುಂಡಿನ ಐಪಿ ಅಂಕಿ. ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿಂದ.

ಸಮಯ ಹಾಳಾಗುವುದು ಸಣ್ಣ ವಿಷಯ. ನನಗೆ ಬಿದ್ದ ಪೆಟ್ಟು ಬೇರೆ. ನಾನು ನೋಡಿಕೊಳ್ಳುತ್ತಿದ್ದ ಎರಡು ಸರ್ವರುಗಳ ವಿಳಾಸದಲ್ಲಿ ಕೊನೆಯ ಅಂಕಿ ಮಾತ್ರ ಬೇರೆ ಇತ್ತು. ಒಂದು ಪರೀಕ್ಷೆಗೆ, ಇನ್ನೊಂದು ಗ್ರಾಹಕರು ಬಳಸುವುದು. ಒಂದು ಸಂಜೆ ಮೇಲಿನ ಬಾಣದ ಕೀ ಒತ್ತಿ ಹಳೆಯ ಸಾಲನ್ನೇ ಎತ್ತಿಕೊಂಡೆ, ಎಂಟರ್ ಹೊಡೆದೆ, ಡೇಟಾಬೇಸ್ ರೀಸ್ಟಾರ್ಟ್ ಮಾಡಿದೆ. ಎರಡು ನಿಮಿಷಕ್ಕೆ ಫೋನ್ ಬಂತು. ನಾನು ಮುಟ್ಟಿದ್ದು ಪರೀಕ್ಷೆಯದ್ದಲ್ಲ.

ಅಂದಿನಿಂದ ನನ್ನ ಎಲ್ಲ ಸರ್ವರಿಗೂ ಅಡ್ಡಹೆಸರಿದೆ. ಮಾಡುವುದು ಹತ್ತು ನಿಮಿಷದ ಕೆಲಸ. ಒಂದು ಮಾತು ನೆನಪಿಡಿ: ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನೆಲ್ಲ ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ, ಫಿನ್‌ಲೆಂಡಿನಲ್ಲಿ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡುಗಳನ್ನು ಹಿಡಿಯುತ್ತಿದ್ದರು. ಆಗ ಬಳಕೆಯಲ್ಲಿದ್ದ ಟೆಲ್‌ನೆಟ್ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಕಳಿಸುತ್ತಿತ್ತು, ಪೋಸ್ಟ್ ಕಾರ್ಡಿನಲ್ಲಿ ಬರೆದ ಹಾಗೆ. ಅಲ್ಲಿದ್ದ ತಾತು ಯಿಲೋನೆನ್ ಅದಕ್ಕೆ ಉತ್ತರವಾಗಿ ಇದನ್ನು ಬರೆದರು. ಪೋರ್ಟ್ ಸಂಖ್ಯೆಗಳಲ್ಲಿ, ಕಡತ ಸಾಗಿಸುವ ಎಫ್‌ಟಿಪಿಯ 21, ಟೆಲ್‌ನೆಟ್‌ನ 23 ಇವುಗಳ ನಡುವೆ 22 ಖಾಲಿ ಇತ್ತು, ಅದನ್ನೇ ಕೇಳಿ ಪಡೆದರು. ಇವತ್ತು ನಾವು ಹೆಚ್ಚಾಗಿ ಬಳಸುವ ಓಪನ್‌ಎಸ್‌ಎಸ್‌ಎಚ್ ಬಂದದ್ದು 1999ರಲ್ಲಿ. ಮ್ಯಾಕ್, ಲಿನಕ್ಸ್ ಎರಡರಲ್ಲೂ ಇದು ಸಿಗುತ್ತದೆ. ವಿಂಡೋಸ್ 10ರ ಜೊತೆ 2018ರಿಂದ ಬರುತ್ತಿದೆ. ಪವರ್‌ಶೆಲ್ ತೆರೆದು ಎಸ್‌ಎಸ್‌ಎಚ್ ಎಂದು ಟೈಪ್ ಮಾಡಿ ನೋಡಿ.

ಮೊದಲು ಕೀ

ಪಾಸ್‌ವರ್ಡ್ ನಂಬಿಕೊಂಡು ಅಡ್ಡಹೆಸರು ಇಡುವುದು ಬಾಗಿಲಿಗೆ ಬಣ್ಣ ಬಳಿದು ಚಿಲಕ ಮರೆತಂತೆ. ಆದ್ದರಿಂದ ಕೀ ಮೊದಲು. ಪಾಸ್‌ವರ್ಡಿನ ಬದಲು ನಿಮ್ಮ ಗುರುತು ಹೇಳುವ ಕಡತಗಳ ಜೋಡಿ ಅದು. ಟರ್ಮಿನಲ್ (ವಿಂಡೋಸಿನಲ್ಲಿ ಪವರ್‌ಶೆಲ್) ತೆರೆದು ಹೀಗೆ ಟೈಪ್ ಮಾಡಿ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519

ಎಲ್ಲಿ ಉಳಿಸಲಿ ಎಂದು ಕೇಳಿದಾಗ ಎಂಟರ್ ಒತ್ತಿದರೆ ಸಾಕು. ಅದೇ ಹೆಸರಿನ ಕೀ ಆಗಲೇ ಇದೆ, ಅಳಿಸಿ ಬರೆಯಲಾ ಅಂತ ಕೇಳಿದರೆ ಮಾತ್ರ ಬೇಡ ಅನ್ನಿ, ಹಳೆಯದನ್ನೇ ಬಳಸಿ. ಆಮೇಲೆ ಪಾಸ್‌ಫ್ರೇಸ್, ಅಂದರೆ ಆ ಕೀಯನ್ನೇ ಕಾಯುವ ಗುಪ್ತಪದ, ಕೇಳುತ್ತದೆ. ಸುಮ್ನೆ ಖಾಲಿ ಬಿಡಬೇಡಿ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಮರೆತುಹೋದ ದಿನ ನಿಮ್ಮನ್ನು ಕಾಯುವುದು ಅದೊಂದೇ. ಪ್ರತಿ ಸಲ ಟೈಪ್ ಮಾಡುವುದು ಕಿರಿಕಿರಿ ಅನಿಸಿದರೆ ಎಸ್‌ಎಸ್‌ಎಚ್-ಏಜೆಂಟ್ ಇದೆ. ಒಮ್ಮೆ ಹೇಳಿದರೆ ನೆನಪಿಟ್ಟುಕೊಳ್ಳುತ್ತದೆ.

ಈಗ ಎರಡು ಕಡತ ಹುಟ್ಟಿವೆ. ಹೆಸರಿನ ಕೊನೆಯಲ್ಲಿ ಡಾಟ್ ಪಬ್ ಇರುವುದನ್ನು ಯಾರಿಗೆ ಬೇಕಾದರೂ ಕೊಡಬಹುದು, ಅದು ಬೀಗ. ಇನ್ನೊಂದು ಬೀಗದ ಕೈ. ಅದನ್ನು ಮೇಲ್‌ನಲ್ಲಿ, ವಾಟ್ಸಾಪಿನಲ್ಲಿ, ಯಾರಿಗೂ ಕಳಿಸಬೇಡಿ.

ಹೆಸರಿಡುವ ಶಾಸ್ತ್ರ

ಕೀ ಕೂತಿರುವ ~/.ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ಕಾನ್ಫಿಗ್ ಎಂಬ ಹೆಸರಿನ ಸಾದಾ ಪಠ್ಯ ಕಡತ ಮಾಡಿ. ವಿಂಡೋಸಿನ ನೋಟ್‌ಪ್ಯಾಡ್ ಇಲ್ಲಿ ಕೈಕೊಡುತ್ತದೆ. ನಿಮ್ಮನ್ನು ಕೇಳದೆಯೇ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಸುತ್ತದೆ. ಆ ಬಾಲ ಇದ್ದರೆ ಎಸ್‌ಎಸ್‌ಎಚ್ ಕಡತವನ್ನು ನೋಡುವುದೇ ಇಲ್ಲ, ದೂರೂ ಹೇಳುವುದಿಲ್ಲ. ಕಡತದೊಳಗೆ ಹೀಗೆ ಬರೆಯಿರಿ:

ಹೋಸ್ಟ್ ಅಂಗಡಿ
    ಹೋಸ್ಟ್‌ನೇಮ್ 203.0.113.25
    ಯೂಸರ್ ಉಬುಂಟು
    ಪೋರ್ಟ್ 2222
    ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ಐಡಿ_ಇಡಿ25519
    ಐಡೆಂಟಿಟೀಸ್‌ಓನ್ಲಿ ಯೆಸ್

ಮೊದಲ ಸಾಲು ನೀವಿಟ್ಟ ಅಡ್ಡಹೆಸರು. ಎರಡನೆಯದು ನಿಜವಾದ ವಿಳಾಸ (ಇಲ್ಲಿರುವುದು ಉದಾಹರಣೆಗೆಂದೇ ಮೀಸಲಿಟ್ಟ ಅಂಕಿ, ಅದನ್ನೇ ನಕಲು ಮಾಡಬೇಡಿ). ಯೂಸರ್ ಜಾಗದಲ್ಲಿ ನಿಮ್ಮ ಸರ್ವರಿನ ಬಳಕೆದಾರರ ಹೆಸರು. ಪೋರ್ಟ್ 22 ಆಗಿದ್ದರೆ ಆ ಸಾಲೇ ಬೇಡ.

ಕೊನೆಯ ಸಾಲನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನಿಮ್ಮ ಏಜೆಂಟಿನಲ್ಲಿ ಏಳೆಂಟು ಕೀಗಳಿದ್ದರೆ ಅದು ಒಂದೊಂದನ್ನೇ ಸರ್ವರಿಗೆ ತೋರಿಸುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಸರ್ವರ್ 6 ಪ್ರಯತ್ನಕ್ಕೆ ಬಾಗಿಲು ಹಾಕುತ್ತದೆ, ಸರಿಯಾದ ಕೀ ಸರದಿಯಲ್ಲಿ ಹಿಂದೆ ನಿಂತಿದ್ದರೂ ಸರಿ. ಹೇಳಿದ ಕೀಯನ್ನಷ್ಟೇ ತೋರಿಸು ಅನ್ನುವುದು ಈ ಸಾಲಿನ ಅರ್ಥ.

ಇನ್ನು ಟರ್ಮಿನಲ್ಲಿನಲ್ಲಿ ಎಸ್‌ಎಸ್‌ಎಚ್ ಅಂಗಡಿ ಅಂದರೆ ಮುಗಿಯಿತು.

ಇಷ್ಟಕ್ಕೆ ಶೆಲ್ಲಿನ (ಟರ್ಮಿನಲ್ಲಿನಲ್ಲಿ ನಮ್ಮ ಆದೇಶ ಓದುವ ಪ್ರೋಗ್ರಾಮಿನ) ಏಲಿಯಾಸ್, ಅಂದರೆ ಉದ್ದ ಆದೇಶಕ್ಕೆ ಇಡುವ ಚಿಕ್ಕ ಹೆಸರು, ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಅದು ಆ ಶೆಲ್ಲಿಗೆ ಮಾತ್ರ ಗೊತ್ತಿರುವ ಹೆಸರು. ಕಾನ್ಫಿಗ್‌ನಲ್ಲಿ ಇಟ್ಟ ಹೆಸರು ಕಡತ ಸಾಗಿಸುವ ಎಸ್‌ಸಿಪಿ, ಆರ್‌ಸಿಂಕ್, ಕೋಡಿನ ಆವೃತ್ತಿ ಕಾಯುವ ಗಿಟ್ ಎಲ್ಲದಕ್ಕೂ ಗೊತ್ತಾಗುತ್ತದೆ. ಗಿಟ್‌ಹಬ್‌ನಲ್ಲಿ ಕೆಲಸದ ಖಾತೆ, ಸ್ವಂತ ಖಾತೆ ಎರಡೂ ಇದ್ದವರು ಒಂದೇ ವಿಳಾಸಕ್ಕೆ ಎರಡು ಅಡ್ಡಹೆಸರಿಟ್ಟು, ಒಂದೊಂದಕ್ಕೂ ಬೇರೆ ಕೀ ಕಟ್ಟಿಬಿಡಬಹುದು.

ಮೊದಲ ಸಲ ಒಳಗೆ ಹೋಗುವಾಗ

ಮೊದಲ ಸಂಪರ್ಕದಲ್ಲಿ ಸರ್ವರಿನ ಬೆರಳಚ್ಚು ತೋರಿಸಿ, ಇದು ನಿಮ್ಮದೇ ತಾನೇ ಅಂತ ಕೇಳುತ್ತದೆ. ಎಲ್ಲರೂ ಓದದೆ ಯೆಸ್ ಒತ್ತುತ್ತಾರೆ. ನಾನೂ ವರ್ಷಗಟ್ಟಲೆ ಒತ್ತಿದ್ದೇನೆ. ಆದರೆ ಮಧ್ಯದಲ್ಲಿ ಬೇರೆಯವರು ನಿಂತು ನಿಮ್ಮ ಸರ್ವರಿನ ವೇಷ ಹಾಕಿದ್ದರೆ ಹಿಡಿಯಲು ಸಿಗುವ ಅವಕಾಶ ಇದು. ಸರ್ವರ್ ಬಾಡಿಗೆಗೆ ಕೊಟ್ಟವರ ವೆಬ್ ಕನ್ಸೋಲಿನಲ್ಲಿ ಅಥವಾ ಸರ್ವರ್ ಹೊಂದಿಸಿದ ಸಹೋದ್ಯೋಗಿಯ ಹತ್ತಿರ ಆ ಅಕ್ಷರಗಳನ್ನು ಕೇಳಿ ಹೋಲಿಸಿ. ಮುಂದೆ ಎಂದಾದರೂ ಗುರುತು ಬದಲಾಗಿದೆ ಎಂದು ದೊಡ್ಡ ಎಚ್ಚರಿಕೆ ಬಂದರೆ, ಸರ್ವರನ್ನು ಯಾರಾದರೂ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದಾರಾ ಅಂತ ವಿಚಾರಿಸಿ. ಹೌದಾದರೆ, ಎಚ್ಚರಿಕೆಯಲ್ಲೇ ತಿಳಿಸಿದ ಹಳೆಯ ಸಾಲನ್ನು ತೆಗೆದರೆ ಆಯಿತು. ಕಾನ್ಫಿಗ್‌ನಲ್ಲಿ ಈ ತಪಾಸಣೆಯನ್ನೇ ಬಂದ್ ಮಾಡಿ ಅನ್ನುವ ಸಲಹೆಯೂ ಅಲ್ಲಲ್ಲಿ ಸಿಗುತ್ತದೆ. ಅದನ್ನು ಕೇಳಬೇಡಿ.

ಮೊದಲ ಸಲ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದವರು ಹೊರಬಂದು, ಎಸ್‌ಎಸ್‌ಎಚ್-ಕಾಪಿ-ಐಡಿ ಅಂಗಡಿ ಎಂದು ಕೊಡಿ. ನಿಮ್ಮ ಬೀಗ ಅಲ್ಲಿ ಕೂರುತ್ತದೆ. ವಿಂಡೋಸಿನಲ್ಲಿ ಈ ಆದೇಶ ಇಲ್ಲ. ಡಾಟ್ ಪಬ್ ಕಡತದ ಸಾಲನ್ನು ಸರ್ವರಿನ ಆಥರೈಸ್ಡ್_ಕೀಸ್ ಕಡತಕ್ಕೆ ಕೈಯಾರೆ ಅಂಟಿಸಬೇಕು.

ಕೀ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾದ ಮೇಲೆ ಪಾಸ್‌ವರ್ಡಿನಿಂದ ಯಾರೂ ಒಳಬರದಂತೆ, ಸರ್ವರಿನ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಕಡತದಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ನೋ ಎಂದು ಬರೆದು ಸೇವೆಯನ್ನು ರೀಲೋಡ್ ಮಾಡಿ. ಆದರೆ ತೆರೆದ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಒಳಗೆ ಹೋಗಲು ಆಗುತ್ತದಾ ನೋಡಿ. ಆಗದಿದ್ದರೆ ವಾಪಸ್ ಬದಲಿಸಲು ಮೊದಲನೆಯದು ಇದೆಯಲ್ಲ.

ಸರ್ವರುಗಳು ಹೆಚ್ಚಾದಾಗ

ಹಲವು ಕಂಪನಿಗಳಲ್ಲಿ ಒಳಗಿನ ಸರ್ವರುಗಳನ್ನು ನೇರವಾಗಿ ಮುಟ್ಟಲು ಬಿಡುವುದಿಲ್ಲ. ಮೊದಲು ಹೊರಗಿನ ಒಂದು ಸರ್ವರಿಗೆ ಹೋಗಿ, ಅಲ್ಲಿಂದ ಒಳಗಿನದಕ್ಕೆ ಹೋಗಬೇಕು. ಜಗಲಿ ಹತ್ತದೆ ಅಡುಗೆಮನೆಗೆ ಹೋಗುವ ಹಾಗಿಲ್ಲ. ಜಗಲಿಯ ಸರ್ವರಿಗೂ ಒಂದು ಅಡ್ಡಹೆಸರಿಟ್ಟು, ಒಳಗಿನ ಸರ್ವರಿನ ಹೆಸರಿನ ಕೆಳಗೆ ಪ್ರಾಕ್ಸಿಜಂಪ್ ಜಗಲಿ ಎಂದು ಒಂದು ಸಾಲು ಸೇರಿಸಿ. ಓಪನ್‌ಎಸ್‌ಎಸ್‌ಎಚ್‌ನ 2016ರ 7.3 ಆವೃತ್ತಿಯಿಂದ ಈ ಸೌಲಭ್ಯ ಇದೆ. ಅದಕ್ಕೂ ಮೊದಲು ಹಲವರು ಫಾರ್ವರ್ಡ್‌ಏಜೆಂಟ್ (ನಿಮ್ಮ ಏಜೆಂಟನ್ನು ಜಗಲಿಯ ಸರ್ವರಿನಿಂದಲೂ ಬಳಸಲು ಬಿಡುವ ಸಾಲು) ಬಳಸುತ್ತಿದ್ದರು, ಈಗಲೂ ಕೆಲವರು ಬಳಸುತ್ತಾರೆ. ಜಗಲಿಯ ಸರ್ವರಿನಲ್ಲಿ ರೂಟ್ ಅಧಿಕಾರ (ಪೂರ್ತಿ ಹಿಡಿತ) ಇರುವವರು ಅದರ ಮೂಲಕ, ನೀವು ಸಂಪರ್ಕದಲ್ಲಿರುವಷ್ಟು ಹೊತ್ತು ನಿಮ್ಮ ಕೀ ಬಳಸಿಕೊಳ್ಳಬಹುದು. ಪ್ರಾಕ್ಸಿಜಂಪ್ ಸಾಕು ಅನ್ನುವ ಕಡೆ ಅದರ ಗೊಡವೆ ಬೇಡ.

ಎಲ್ಲ ಸರ್ವರಿಗೂ ಬೇಕಾದ ಸಾಲುಗಳನ್ನು ಹೋಸ್ಟ್ * ಎಂಬ ತಲೆಬರಹದ ಕೆಳಗೆ ಒಟ್ಟಿಗೆ ಬರೆಯಬಹುದು. ಉದಾಹರಣೆಗೆ ಸರ್ವರ್‌ಅಲೈವ್‌ಇಂಟರ್ವಲ್ 60 ಎಂದು ಹಾಕಿದರೆ, ಅತ್ತಲಿಂದ ಏನೂ ಬಾರದೆ ಒಂದು ನಿಮಿಷವಾದರೆ ಎಸ್‌ಎಸ್‌ಎಚ್ ತಾನೇ ಸರ್ವರನ್ನು ಮಾತಾಡಿಸುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಸಂಪರ್ಕ ಕಡಿದಿರುವುದು ಕಡಿಮೆಯಾಗುತ್ತದೆ. ಈ ಭಾಗ ಕಡತದ ಕೊನೆಯಲ್ಲೇ ಇರಲಿ. ಬಹುತೇಕ ಸಾಲುಗಳ ವಿಷಯದಲ್ಲಿ ಎಸ್‌ಎಸ್‌ಎಚ್ ಮೊದಲು ಸಿಕ್ಕಿದ್ದನ್ನೇ ಹಿಡಿದುಕೊಳ್ಳುತ್ತದೆ, ಆಮೇಲೆ ಹೇಳಿದ್ದನ್ನು ಕೇಳುವುದಿಲ್ಲ.

ಏನೋ ಸರಿಯಿಲ್ಲ ಅನಿಸಿದರೆ ಎಸ್‌ಎಸ್‌ಎಚ್ -ಜಿ ಅಂಗಡಿ ಅನ್ನಿ (ಜಿ ದೊಡ್ಡಕ್ಷರ). ಸಂಪರ್ಕ ಮಾಡದೆಯೇ, ಆ ಹೆಸರಿಗೆ ಏನೇನು ಅರ್ಥ ಮಾಡಿಕೊಂಡಿದ್ದೇನೆ ಎಂದು ಪಟ್ಟಿ ಒಪ್ಪಿಸುತ್ತದೆ. ಅನುಮತಿ ಸಡಿಲವಾಗಿದೆ ಎಂದು ಗೊಣಗಿದರೆ, ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಕೀ ಮತ್ತು ಕಾನ್ಫಿಗ್ ಕಡತಕ್ಕೆ ಸಿಎಚ್‌ಮಾಡ್ 600, ಫೋಲ್ಡರಿಗೆ 700 ಕೊಡಿ, ನಿಮ್ಮನ್ನು ಬಿಟ್ಟು ಬೇರೆಯವರು ಮುಟ್ಟದ ಹಾಗೆ.

ಇನ್ನು ಹೆಸರು ಏನಿಡಬೇಕು? ಸರ್ವರ್1, ಸರ್ವರ್2 ಅಂತ ಇಟ್ಟರೆ ಐಪಿ ಅಂಕಿಯ ಕಥೆಯೇ ಮತ್ತೆ ಶುರುವಾಗುತ್ತದೆ, ಅಲ್ವಾ? ಬೆರಳಿಗೆ ಬೇರೆ, ಕಣ್ಣಿಗೂ ಬೇರೆ ಅನಿಸಬೇಕು. ನನ್ನ ಪರೀಕ್ಷೆಯ ಸರ್ವರಿನ ಹೆಸರು ಈಗ 'ಆಟ'. ಗ್ರಾಹಕರದ್ದಕ್ಕೆ 'ಲೈವ್-ಹುಷಾರು'.