ಅಡುಗೆಮನೆ ನಲ್ಲಿಗೆ ತೋಟದ ಪೈಪ್ ಕೂರಿಸಿದ ಕಥೆ

ಕುದಿಸಿದ ಶುಂಠಿ ಸೋಡಾ ಬೇಗ ಆರಿಸೋದಕ್ಕೆ ತಾಮ್ರದ ಸುರುಳಿ ಮಾಡೋದೇ ಕಷ್ಟದ ಕೆಲಸ ಅಂದುಕೊಂಡಿದ್ದೆ. ಅದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆ ಸುರುಳಿಗೆ ನಮ್ಮ ಅಡುಗೆಮನೆ ನಲ್ಲಿಯಿಂದ ನೀರು ತರೋದಕ್ಕೆ ಮೂರು ವಾರ ಹಿಡಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮನೆಯಲ್ಲಿ ಮಾಡೋದು ಶುಂಠಿ ಸೋಡಾ. ಲೈಸೆನ್ಸ್ ಇಲ್ಲದೆ ಇಲ್ಲಿ ಮನೇಲಿ ಬಿಯರ್ ಮಾಡುವ ಹಾಗಿಲ್ಲ, ನನಗೆ ಬೇಕಾಗಿದ್ದೂ ಅದಲ್ಲ. ಹುಣಸೂರು ಕಡೆಯ ಶುಂಠಿ, ಮಂಡ್ಯದ ಬೆಲ್ಲ, 12 ಲೀಟರ್ ನೀರು, ಎಲ್ಲ ಸೇರಿಸಿ ಅರ್ಧ ಗಂಟೆ ಕುದಿಸುತ್ತೇನೆ. ಆರಿದ ಮೇಲೆ ಹೆಪ್ಪು ಹಾಕಬೇಕು. ಹೆಪ್ಪು ಅಂದರೆ ಸಿಪ್ಪೆ ಸಮೇತ ತುರಿದ ಶುಂಠಿ, ಸಕ್ಕರೆ, ನೀರು ಸೇರಿಸಿ ಐದಾರು ದಿನ ನೊರೆ ಬರಿಸಿದ್ದು. ಆ ಹೆಸರಿಟ್ಟಿದ್ದು ಅಮ್ಮ. ಇದನ್ನು ಯಾಕೆ ಆರಿಸಲೇಬೇಕು ಅಂತ ಅವರಿಗೆ ವಿವರಿಸಬೇಕಾಗಿಯೇ ಬರಲಿಲ್ಲ. "ಕುದಿಯೋ ಹಾಲಿಗೆ ಯಾರಾದ್ರೂ ಹೆಪ್ಪು ಹಾಕ್ತಾರೇನೋ?" ಅಂದರು.

ತೊಂದರೆ ಏನಂದರೆ 12 ಲೀಟರ್ ಬೆಲ್ಲದ ನೀರು ತಾನಾಗಿ ಆರೋದಕ್ಕೆ ಇಡೀ ರಾತ್ರಿ ಬೇಕು. ಅಷ್ಟು ಹೊತ್ತು ಉಗುರುಬೆಚ್ಚಗೆ ಇದ್ದರೆ ಬೇಡದ್ದೆಲ್ಲ ಅದರಲ್ಲಿ ಬೆಳೆಯುತ್ತದೆ. ಎರಡು ಸಲ ಹುಳಿ ವಾಸನೆ ಬಂದು ಅಷ್ಟನ್ನೂ ಚೆಲ್ಲಿದೆ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮ ದೊಡ್ಡಪ್ಪನ ಮಗ ಆಗ ಈ ಸುರುಳಿ ವಿಷಯ ಹೇಳಿದ. ಪಾತ್ರೆಯೊಳಗೆ ತಾಮ್ರದ ಸುರುಳಿ ಇಳಿಸಿ, ಅದರೊಳಗೆ ತಣ್ಣೀರು ಹರಿಸೋದು. ಬಿಸಿಯನ್ನು ನೀರು ಹೊತ್ತುಕೊಂಡು ಹೊರಗೆ ಹೋಗುತ್ತದೆ, ಅಷ್ಟೇ.

ಏಸಿಗೆ ಹಾಕುವ 3/8 ಇಂಚಿನ ಮೆತ್ತನೆ ತಾಮ್ರದ ಟ್ಯೂಬ್ 8 ಮೀಟರ್ ತಂದೆ. ಎರಡು ಸಾವಿರದ ಹತ್ತಿರ ಆಯಿತು. ಒಳಗೆ ಪುಡಿ ಉಪ್ಪು ತುಂಬಿ, ಎರಡೂ ತುದಿಗೆ ಟೇಪ್ ಸುತ್ತಿ, ಅಕ್ಕಿ ಡಬ್ಬದ ಮೇಲೆ ನಿಧಾನವಾಗಿ ಬಗ್ಗಿಸಿದರೆ ಎಲ್ಲೂ ಮುರುಚುವುದಿಲ್ಲ. ಆಮೇಲೆ ನೀರು ಬಿಟ್ಟರೆ ಉಪ್ಪೆಲ್ಲ ಕರಗಿ ಹೋಗುತ್ತದೆ.

ಈಗ ನಲ್ಲಿ. ನಮ್ಮ ಸಿಂಕಿನದು ಕೊಕ್ಕರೆ ಕತ್ತಿನ ಹಾಗೆ ಬಗ್ಗಿದ ನಲ್ಲಿ, ತುದಿಯಲ್ಲಿ ಜಾಲರಿ ಇದೆ. ಮೊದಲು ಅರ್ಧ ಇಂಚಿನ ತೋಟದ ಪೈಪನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಜಾಲರಿ ಮೇಲೇ ಎಳೆದು ಕೂರಿಸಿ ಕ್ಲಿಪ್ ಬಿಗಿದೆ. ಎರಡು ನಿಮಿಷ ನಿಂತಿತು, ಮೂರನೇ ನಿಮಿಷಕ್ಕೆ ಜಾರಿ ಗೋಡೆಗೆಲ್ಲ ನೀರು. ಆಮೇಲೆ ಎಲ್ಲಾ ನಲ್ಲಿಗೂ ಆಗುತ್ತದೆ ಅಂತ ಮಾರುವ ರಬ್ಬರ್ ಕಪ್ ತಂದೆ. ಸುರುಳಿ ಇಲ್ಲದಿದ್ದಾಗ ಅದು ಚೆನ್ನಾಗಿಯೇ ನಿಂತಿತ್ತು. ಆದರೆ 3/8 ಟ್ಯೂಬ್ ಸಣ್ಣದು, ನೀರು ಅದರೊಳಗೆ ಹೋಗೋದಕ್ಕೆ ತಡೆಯಿದೆ, ಆ ಒತ್ತಡವೆಲ್ಲ ವಾಪಸ್ ಬಂದು ಬೀಳೋದು ನಲ್ಲಿ ತುದಿಯ ಮೇಲೆ. ನಮ್ಮ ಟ್ಯಾಂಕ್ ಮೊದಲ ಮಹಡಿ ಮೇಲಿದೆ, ಅಡುಗೆಮನೆ ಕೆಳಗೆ, ಆರು ಮೀಟರ್ ಎತ್ತರ ಇರಬಹುದು. 10 ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ 1 ಬಾರ್ ಒತ್ತಡ ಅಂತ ಲೆಕ್ಕ. ನಮ್ಮದು ಅಷ್ಟೂ ಇಲ್ಲ, ಆದರೂ ರಬ್ಬರ್ ಕಿತ್ತುಕೊಂಡು ಬಂತು.

ಸಂತೇಪೇಟೆ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿದ್ದ ಪ್ಲಂಬರ್ ಅಣ್ಣ ಫೋಟೋ ನೋಡಿ, "ಜಾಲರಿ ಬಿಚ್ಕೊಂಡು ಬನ್ನಿ ಸಾರ್, ಥ್ರೆಡ್ ನೋಡದೆ ಏನೂ ಹೇಳಕ್ಕಾಗಲ್ಲ" ಅಂದರು. ಥ್ರೆಡ್ ಅಂದರೆ ತಿರುಗಿಸಿ ಕೂರಿಸುವ ಸ್ಕ್ರೂ ಗೆರೆಗಳು. ಅದನ್ನು ನೋಡಬೇಕು ಅಂತ ನನಗೆ ಮೊದಲೇ ಹೊಳೆಯಬೇಕಿತ್ತು. ಮನೆಗೆ ಬಂದು ಬಟ್ಟೆ ಸುತ್ತಿ ಇಕ್ಕಳದಲ್ಲಿ ತಿರುಗಿಸಿದೆ. ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿ ಹಿಡಿದುಕೊಂಡಿತ್ತು. ರಾತ್ರಿಯೆಲ್ಲ ಹುಣಸೆ ನೀರಲ್ಲಿ ನೆನೆದ ಬಟ್ಟೆ ಕಟ್ಟಿಟ್ಟೆ, ಬೆಳಿಗ್ಗೆ ಕೈಯಲ್ಲೇ ಬಂತು. ಸ್ಕೇಲ್ ಇಟ್ಟು ನೋಡಿದರೆ ಜಾಲರಿಯ ಥ್ರೆಡ್ ಹೊರಗಿನ ಅಳತೆ 24 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಅರ್ಧ ಇಂಚಿನ ಪ್ಲಂಬಿಂಗ್ ಥ್ರೆಡ್ ಅಳೆದರೆ ಹೊರಗೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಹೆಸರು ಅರ್ಧ ಇಂಚು, ಅಳತೆ ಬೇರೆ. ಎರಡೂ ಒಂದಕ್ಕೊಂದು ಕೂರಲ್ಲ. ಅಮೆರಿಕದಲ್ಲಿ ತೋಟದ ಪೈಪಿಗೇ ಮುಕ್ಕಾಲು ಇಂಚಿನ ಬೇರೆ ಥ್ರೆಡ್ ಇದೆ, ಅಡುಗೆಮನೆ ನಲ್ಲಿಗೆ ಅದನ್ನು ಜೋಡಿಸುವ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ದೊಡ್ಡಪ್ಪನ ಮಗ ಹೇಳಿದ್ದ ಅಡಾಪ್ಟರ್ ಇಲ್ಲಿ ಕೂರದೇ ಹೋಗಿದ್ದು ಇದಕ್ಕೇ.

ಪ್ಲಂಬರ್ ಅಣ್ಣ ಜಾಲರಿ ನೋಡಿ, 24ರಿಂದ ಅರ್ಧ ಇಂಚಿಗೆ ಬರುವ ಹಿತ್ತಾಳೆ ಅಡಾಪ್ಟರ್ ಬೇಕು, ನಮ್ಮಲ್ಲಿಲ್ಲ ಅಂದರು. ಆನ್‌ಲೈನ್‌ನಲ್ಲಿ ತರಿಸಿದೆ. ಅರ್ಧ ಇಂಚಿನ ಕಡೆಗೆ ಹಾಕುವ, ಪೈಪ್ ಕೂರಿಸುವ ಹಿತ್ತಾಳೆ ನಾಝಲ್ ಮಾತ್ರ ಅವರ ಹತ್ತಿರವೇ ತಗೊಂಡೆ. ಇಲ್ಲಿ ಒಂದು ವಿಷಯ ಗಮನಿಸಿ. 24ರ ಕಡೆ ನೀರು ತಡೆಯೋದು ಒಳಗಿನ ರಬ್ಬರ್ ವಾಷರ್, ಆ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ವಾಷರ್ ಸರಿಯಾಗಿ ಕೂರಲ್ಲ. ಕೈಯಲ್ಲಿ ಬಿಗಿ ಮಾಡಿದರೆ ಸಾಕು. ನಾಝಲ್ ಕಡೆಗೆ ಮಾತ್ರ ಟೇಪ್, ಎಂಟು ಹತ್ತು ಸುತ್ತು, ತಿರುಗಿಸುವ ದಿಕ್ಕಿಗೇ. ಪೈಪಿನ ಮೇಲೆ ಸ್ಟೀಲ್ ಕ್ಲಿಪ್.

ಒಂದು ಹನಿ ಸೋರಲಿಲ್ಲ. ಟಾರ್ಚ್ ಹಿಡಿದು ಎರಡು ಸಲ ನೋಡಿದೆ.

ಆದರೆ ಇನ್ನೊಂದು ಕಡೆ ಎಡವಟ್ಟಾಯಿತು. ಸುರುಳಿಯಿಂದ ಹೊರಗೆ ಬರುವ ಮೊದಲ ನೀರು ಕೈಯಿಡಲಾಗದಷ್ಟು ಬಿಸಿ. ಅಲ್ಲಿ ಮಾಮೂಲಿ ಪ್ಲಾಸ್ಟಿಕ್ ಪೈಪ್ ಹಾಕಿದ್ದೆ. ಅದು ಮೆತ್ತಗಾಗಿ ಬಗ್ಗಿ ಮುಚ್ಚಿಕೊಂಡು ಕ್ಲಿಪ್ಪಿನಿಂದ ಜಾರಿತು, ಬಿಸಿನೀರು ನನ್ನ ಪಾದದ ಪಕ್ಕದಲ್ಲೇ ಬಿತ್ತು. ಈಗ ಹೊರಗಿನ ಕಡೆ ಸಿಲಿಕಾನ್ ಪೈಪ್ ಇದೆ. ಆ ತುದಿ ಯಾವಾಗಲೂ ತೆರೆದೇ ಇರಬೇಕು. ನೀರು ನಿಲ್ಲಿಸೋದು ನಲ್ಲಿಯಲ್ಲೇ. ಮಕ್ಕಳಿದ್ದರೆ ದಯವಿಟ್ಟು ಆ ಹೊತ್ತು ಅಡುಗೆಮನೆಗೆ ಬಿಡಬೇಡಿ.

ಸುರುಳಿಯನ್ನು ಕುದಿಯುವ ಕೊನೆಯ ಕಾಲು ಗಂಟೆ ಪಾತ್ರೆಯಲ್ಲೇ ಇಡುತ್ತೇನೆ, ಅಲ್ಲೇ ಶುದ್ಧವಾಗುತ್ತದೆ. ಆಮೇಲೆ ನೀರು ಬಿಟ್ಟು, ಕುದಿಸಿ ತೊಳೆದ ಸೌಟಿನಿಂದ ಮೆಲ್ಲಗೆ ತಿರುವುತ್ತಾ ಇರಬೇಕು. ಸುಮ್ನೆ ಬಿಟ್ಟರೆ ಸುರುಳಿ ಸುತ್ತಲಿನದು ಮಾತ್ರ ತಣ್ಣಗಾಗುತ್ತದೆ. 40 ಡಿಗ್ರಿವರೆಗೆ ಬೇಗ ಇಳಿಯುತ್ತದೆ, ಅಲ್ಲಿಂದ 30ಕ್ಕೆ ಬರೋದು ನಿಧಾನ, ಯಾಕೆಂದರೆ ಎರಡೂ ನೀರಿನ ನಡುವೆ ವ್ಯತ್ಯಾಸವೇ ಕಡಿಮೆಯಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ, ಆಗ ಎಷ್ಟು ಹೊತ್ತು ಬಿಟ್ಟರೂ ಪ್ರಯೋಜನ ಇಲ್ಲ. ನಾನು ಬೆಳಿಗ್ಗೆ ಆರಕ್ಕೆ ಶುರು ಮಾಡುತ್ತೇನೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ನೀರಿನ ಬಗ್ಗೆ ನನಗೆ ಮೊದಲಿಂದಲೂ ಕಸಿವಿಸಿ ಇತ್ತು. ಒಂದು ಸಲಕ್ಕೆ 20 ಲೀಟರಿನ ಐದಾರು ಬಕೆಟ್ ಹೋಗುತ್ತದೆ. ಕೆಆರ್‌ಎಸ್‌ನಿಂದಲೋ ಕಬಿನಿಯಿಂದಲೋ ಪಂಪ್ ಮಾಡಿ ತಂದ ನೀರು, ಅದನ್ನು ಮೋರಿಗೆ ಬಿಡೋದು ಸರಿಯಲ್ಲ ಅಲ್ವಾ? ಮೊದಲ ಎರಡು ಬಿಸಿ ಬಕೆಟ್ ಬಟ್ಟೆ ಒಗೆಯೋದಕ್ಕೆ, ಒಂದು ನೆಲ ಒರೆಸೋದಕ್ಕೆ, ಉಳಿದದ್ದು ಪೂರ್ತಿ ಆರಿದ ಮೇಲೆ ಕರಿಬೇವಿನ ಗಿಡಕ್ಕೆ. ಸೋಡಾ ಮಾಡುವ ದಿನ ಅಮ್ಮ ಬಟ್ಟೆ ನೆನೆಸಿಟ್ಟೇ ಕಾಯುತ್ತಾರೆ.

ನಿಂಬೆ ರಸ ಮಾತ್ರ ಸುರುಳಿ ತೆಗೆದ ಮೇಲೇ ಹಾಕಿ. ಹುಳಿಗೆ ತಾಮ್ರ ಬಿಟ್ಟುಕೊಳ್ಳುತ್ತದೆ. ಅದೇ ಕಾರಣಕ್ಕೆ ಸುರುಳಿ ಕಪ್ಪಾದಾಗ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಪೂಜೆ ಚೊಂಬಿನ ಹಾಗೆ ಹೊಳೆಯುತ್ತದೆ, ಆದರೆ ತಿಕ್ಕಿದ ಮೇಲೆ ಎರಡು ನೀರಲ್ಲಿ ತೊಳೆಯಿರಿ. ವಾಷರ್, ಅಡಾಪ್ಟರ್ ಎರಡನ್ನೂ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಸಿಂಕಿನ ಕೆಳಗೆ ಇಟ್ಟಿದ್ದೇನೆ. ಕೆಲಸ ಮುಗಿದ ತಕ್ಷಣ ಜಾಲರಿ ವಾಪಸ್ ಹಾಕಿಬಿಡುತ್ತೇನೆ, ಇಲ್ಲದಿದ್ದರೆ ಪಾತ್ರೆ ತೊಳೆಯುವಾಗ ನೀರು ಮೈಮೇಲೆಲ್ಲ ಎರಚುತ್ತದೆ.