ಬೋರ್ಡು ಸತ್ತಿರಲಿಲ್ಲ, ನೇರಳೆ ವೈರು ಸುಸ್ತಾಗಿತ್ತು

ಬಟನ್ ಒತ್ತಿದರೆ ಮಿಸುಕಾಡದ ಡೆಸ್ಕ್‌ಟಾಪ್ ಸಿಕ್ಕರೆ ನಾವೆಲ್ಲ ಮಾಡುವುದು ಎರಡು ಕೆಲಸ. ಮಷೀನಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದರ ಹಸಿರು ವೈರನ್ನು (ಶುರು ಮಾಡಲು ಹೇಳುವ ವೈರು) ಪೇಪರ್ ಕ್ಲಿಪ್ಪಿನಿಂದ ಕಪ್ಪಿಗೆ ಸೇರಿಸಿ ಫ್ಯಾನ್ ತಿರುಗುತ್ತಾ ನೋಡುತ್ತೇವೆ. ಆಮೇಲೆ ಮಷೀನು ಆಫ್ ಇದ್ದಾಗಲೂ ಮದರ್‌ಬೋರ್ಡಿಗೆ ಕರೆಂಟ್ ಕೊಡುವ ನೇರಳೆ ವೈರಿಗೆ (ಸ್ಟ್ಯಾಂಡ್‌ಬೈ) ಮಲ್ಟಿಮೀಟರ್ ಇಟ್ಟು 5 ವೋಲ್ಟ್ ಬರುತ್ತಾ ನೋಡುತ್ತೇವೆ. ಎರಡೂ ಸರಿ ಇದ್ದರೆ ಬೋರ್ಡು ಹೋಗಿದೆ ಅಂತ ತೀರ್ಪು. ನನ್ನ ಮಷೀನು ಎರಡೂ ಪರೀಕ್ಷೆ ಪಾಸಾಗಿತ್ತು. ನೋಡಿದವರೆಲ್ಲ ಬೋರ್ಡಿಗೆ ಎಳ್ಳು ನೀರು ಬಿಟ್ಟಿದ್ದರು. ಇದನ್ನು ಟೈಪ್ ಮಾಡುತ್ತಿರುವುದು ಅದೇ ಬೋರ್ಡಿನಲ್ಲಿ.

ಮಷೀನಿಗೆ ಎಂಟು ಒಂಬತ್ತು ವರ್ಷ ವಯಸ್ಸು. ತೊಂದರೆ ಶುರುವಾಗಿದ್ದು ನಿಧಾನಕ್ಕೆ. ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದರೆ ಏನೂ ಇಲ್ಲ, ಐದು ನಿಮಿಷ ಬಿಟ್ಟು ಒತ್ತಿದರೆ ಆನ್. ಐದು ನಿಮಿಷ ಇದ್ದದ್ದು ಹದಿನೈದಾಯ್ತು, ಆಮೇಲೆ ಮುಕ್ಕಾಲು ಗಂಟೆ. ಒಮ್ಮೆ ಆನ್ ಆದರೆ ದಿನವಿಡೀ ಓಡುತ್ತಿತ್ತು. ರೀಸ್ಟಾರ್ಟ್ ಮಾಡಿದರೂ ತಕರಾರಿಲ್ಲ. ರಾತ್ರಿ ಗೋಡೆ ಸ್ವಿಚ್ ಆಫ್ ಮಾಡಿ ಮಲಗಿದರೆ ಮಾತ್ರ ಬೆಳಿಗ್ಗೆ ಅದೇ ಕಥೆ. ಕೊನೆಗೊಂದು ದಿನ ಬೆಳಿಗ್ಗೆಯೆಲ್ಲ ಏಳಲೇ ಇಲ್ಲ. ಬೋರ್ಡಿನ ಮೇಲಿನ ಹಸಿರು ಎಲ್‌ಇಡಿ ಮಾತ್ರ ಹಾಯಾಗಿ ಉರಿಯುತ್ತಿತ್ತು. ಆ ಎಲ್‌ಇಡಿಯನ್ನು ನಂಬಬೇಡಿ. ಮೂರೂವರೆ ವೋಲ್ಟ್ ಇದ್ದರೂ ಅದು ಉರಿಯುತ್ತದೆ.

ಮಾಮೂಲಿ ಕೆಲಸಗಳೆಲ್ಲ ಆದವು. ಮುಂದಿನ ಬಟನ್ ಬಿಟ್ಟು ಪವರ್ ಸ್ವಿಚ್ ಪಿನ್ನುಗಳನ್ನು ಸ್ಕ್ರೂಡ್ರೈವರ್‌ನಿಂದಲೇ ಮುಟ್ಟಿಸಿದೆ. ರ್‍ಯಾಮ್ ತೆಗೆದೆ, ಗ್ರಾಫಿಕ್ಸ್ ಕಾರ್ಡ್ ತೆಗೆದೆ, ಬೋರ್ಡನ್ನು ಕೇಸಿನಿಂದ ಬಿಚ್ಚಿ ರಟ್ಟಿನ ಮೇಲಿಟ್ಟೆ. ಸಿಆರ್2032 ಸೆಲ್ ಹೊಸದು ಹಾಕಿದೆ. ಒಂದಕ್ಕೂ ಜಗ್ಗಲಿಲ್ಲ.

ಎಲ್ಲರ ದಾರಿ ತಪ್ಪಿಸಿದ್ದು ಮೂಲೆಯಲ್ಲಿದ್ದ ಇನ್ನೊಂದು ಎಸ್‌ಎಂಪಿಎಸ್. ಅದನ್ನು ಸಿಕ್ಕಿಸಿದರೂ ಮಷೀನು ಏಳಲಿಲ್ಲ. 'ಎರಡು ಎಸ್‌ಎಂಪಿಎಸ್ ಒಟ್ಟಿಗೆ ಕೆಡ್ತಾವಾ?' ಅಂತ ಒಬ್ಬರು ಕೇಳಿದರು. ಕೇಳುವುದಕ್ಕೆ ಸರಿಯಾಗೇ ಇದೆ ಅಲ್ವಾ? ಆದರೆ ಆ ಎರಡನೆಯದನ್ನೂ ಅಷ್ಟೇ ಹಳೆಯ ಮಷೀನಿನಿಂದ ಕಿತ್ತಿದ್ದು. ವಯಸ್ಸು ಒಂದೇ, ಕಾಯಿಲೆಯೂ ಒಂದೇ. ಬದಲಿ ಭಾಗ ಹಾಕಿ ನೋಡುವ ಪರೀಕ್ಷೆಗೆ ಬೆಲೆ ಬರುವುದು ಆ ಭಾಗ ಗಟ್ಟಿಯಾಗಿದೆ ಅಂತ ಗೊತ್ತಿದ್ದಾಗ ಮಾತ್ರ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬೋರ್ಡು ಹೋಗಿದೆ ಅಂದರೆ ಬರೀ ಬೋರ್ಡಿನ ಖರ್ಚಲ್ಲ. ಹಳೇ ಸಾಕೆಟ್, ಹೊಸ ಬೋರ್ಡು ಸಿಗುವುದಿಲ್ಲ. ಈಗಿನ ಬೋರ್ಡು ತಂದರೆ ಪ್ರೊಸೆಸರ್, ರ್‍ಯಾಮ್ ಎರಡೂ ಅದರ ಬೆನ್ನಿಗೆ ಬರಬೇಕು. ಸೆಕೆಂಡ್ ಹ್ಯಾಂಡ್ ಬೋರ್ಡು ಒಂದು ಸಿಕ್ಕಿತು, ಮಾರುವವರು ಕೇಳಿದ ರೇಟು ನನ್ನ ಇಡೀ ಮಷೀನಿನ ಅರ್ಧ ಬೆಲೆ. ಗ್ಯಾರಂಟಿ ಇಲ್ಲ. ಅದಕ್ಕೂ ಮೊದಲೇ ಒಬ್ಬರ ಮಾತು ಕೇಳಿ ಡಯಾಗ್ನೋಸ್ಟಿಕ್ ಪೋಸ್ಟ್ ಕಾರ್ಡ್ (ಬೋರ್ಡಿಗೆ ಸಿಕ್ಕಿಸಿದರೆ ತೊಂದರೆಯ ಕೋಡ್ ತೋರಿಸುವ ಕಾರ್ಡು) ತರಿಸಿದ್ದೆ. ಬೋರ್ಡು ಎದ್ದರೆ ತಾನೇ ಅದು ಕೋಡ್ ತೋರಿಸುವುದು! ಖಾಲಿ ಡಿಸ್‌ಪ್ಲೇ ನೋಡುವುದಕ್ಕೆ ಕೊಟ್ಟ ದುಡ್ಡು ಅದು. ಕೊನೆಗೆ ಮಷೀನನ್ನು ಎಬ್ಬಿಸಿದ ಬಿಡಿಭಾಗಗಳಿಗೆ ಅದರ ಹತ್ತರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ.

ನನಗೆ ಚುಚ್ಚಿದ್ದು ಆ 'ಬೆಚ್ಚಗಾದರೆ ಏಳುತ್ತದೆ' ಅನ್ನುವ ಲಕ್ಷಣ. ಗೋಡೆ ಸ್ವಿಚ್ ಆನ್ ಇದ್ದಷ್ಟು ಹೊತ್ತೂ ಎಸ್‌ಎಂಪಿಎಸ್ ಒಳಗೆ ಬೆಚ್ಚಗಾಗುವುದು ಸ್ಟ್ಯಾಂಡ್‌ಬೈ ಭಾಗ ಒಂದೇ. ಒಂದು ಸಣ್ಣ ಪ್ರಯೋಗ ಮಾಡಿದೆ. ಪೂರ್ತಿ ತಣ್ಣಗಿದ್ದ ಮಷೀನಿನ ಎಸ್‌ಎಂಪಿಎಸ್ ಹಿಂದಿನ ಜಾಲರಿಗೆ ಹೇರ್ ಡ್ರೈಯರ್ ಹಿಡಿದು ಮೂರ್ನಾಲ್ಕು ನಿಮಿಷ ಬಿಸಿ ಗಾಳಿ ಬಿಟ್ಟೆ. ಮುಚ್ಚಳ ತೆಗೆಯಲಿಲ್ಲ, ಹೊರಗಿನಿಂದಲೇ. ಬಟನ್ ಒತ್ತಿದೆ. ಎದ್ದಿತು! ಮರುದಿನ ಬೋರ್ಡಿಗೆ ಮಾತ್ರ ಗಾಳಿ ಬಿಟ್ಟು ನೋಡಿದೆ. ಏಳಲಿಲ್ಲ. ಬೋರ್ಡಿನಲ್ಲಿ ಡ್ರೈ ಸೋಲ್ಡರ್ (ಬಿರುಕು ಬಿಟ್ಟ ಬೆಸುಗೆ) ಇದೆ, ಬಿಸಿ ಮಾಡಿದರೆ ಕೂಡಿಕೊಳ್ಳುತ್ತೆ ಅನ್ನುತ್ತಿದ್ದ ವಾದ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯಿತು, ಉಳಿದವರು ಒಪ್ಪಲಿಲ್ಲ.

ಹಾಗಾಗಿ ಅಳತೆಗೆ ಇಳಿದೆ. ಬೋರ್ಡಿಗೆ ಸಿಕ್ಕಿಸದೆ ನೇರಳೆ ವೈರಿನಲ್ಲಿ 5.06 ವೋಲ್ಟ್, ಚೆನ್ನಾಗೇ ಇದೆ. ಬೋರ್ಡಿಗೆ 24 ಪಿನ್ ಕನೆಕ್ಟರ್ ಸಿಕ್ಕಿಸಿ, ಪ್ಲಗ್ ಹಿಂದಿನಿಂದ ಪ್ರೋಬ್ ತೂರಿಸಿದರೆ 4.6ರ ಸುತ್ತಮುತ್ತ. ಆಗಲೇ ಸ್ಪೆಸಿಫಿಕೇಶನ್ ಹೇಳುವ 4.75ಕ್ಕಿಂತ ಕೆಳಗೆ. ಮೀಟರನ್ನು ಮಿನ್ ಹೋಲ್ಡ್‌ಗೆ (ಅತಿ ಕಡಿಮೆ ಅಳತೆಯನ್ನು ಹಿಡಿದಿಡುವ ಮೋಡ್) ಹಾಕಿ ಬಟನ್ ಒತ್ತಿದೆ: 3.8. ಹಸಿರು ವೈರನ್ನೂ ನೋಡಿದೆ. ಒತ್ತಿದ ಕ್ಷಣ ಒಮ್ಮೆ ಕೆಳಗೆ ಬಿದ್ದು ತಕ್ಷಣ ಮೇಲೆ ಹೋಗುತ್ತಿತ್ತು. ಅಂದರೆ ಬೋರ್ಡು 'ಶುರು ಮಾಡು' ಅಂತ ಹೇಳಲು ಬಾಯಿ ತೆರೆಯುತ್ತಿದೆ, ಅಷ್ಟರಲ್ಲಿ ಅದಕ್ಕೇ ಶಕ್ತಿ ಸಾಲುತ್ತಿಲ್ಲ. ಮಾಮೂಲಿ ಮೋಡಿನಲ್ಲಿ ಮೀಟರ್ ಇಟ್ಟವರಿಗೆ ಈ ಕುಸಿತ ಕಾಣುವುದೇ ಇಲ್ಲ. ಕೂತವನ ನಾಡಿ ಹಿಡಿದು ಓಟಕ್ಕೆ ಗಟ್ಟಿ ಅಂದಹಾಗೆ ಅದು.

ಬೋರ್ಡನ್ನು ಲೆಕ್ಕದಿಂದ ತೆಗೆಯಲು 5 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಒಂದನ್ನು ನೇರಳೆ ಮತ್ತು ಕಪ್ಪಿನ ನಡುವೆ ಹಾಕಿದೆ. ಸುಮಾರು 1 ಆಂಪಿಯರ್ ಎಳೆಯುತ್ತದೆ. ಎಸ್‌ಎಂಪಿಎಸ್ ಮೈಮೇಲಿನ ಲೇಬಲ್ಲಿನಲ್ಲಿ ಸ್ಟ್ಯಾಂಡ್‌ಬೈಗೆ ಎರಡೂವರೆ ಆಂಪಿಯರ್ ಅಂತ ಇತ್ತು, ಹಾಗಾಗಿ ಇದೇನೂ ಜಾಸ್ತಿ ಅಲ್ಲ. ತಣ್ಣಗಿದ್ದಾಗ 4.1 ತೋರಿಸಿತು. ಅರ್ಧ ಗಂಟೆ ಬಿಟ್ಟರೆ 4.8ರ ಹತ್ತಿರ ಏರಿತು. ಬೆಳಿಗ್ಗೆ ಏಳದೆ ಮಧ್ಯಾಹ್ನ ಏಳುವ ಗುಟ್ಟು ಇಷ್ಟೇ. ರೆಸಿಸ್ಟರ್ ಮುಟ್ಟಬೇಡಿ, ಐದು ನಿಮಿಷದಲ್ಲಿ ಬೆರಳು ಸುಡುವಷ್ಟು ಕಾಯುತ್ತದೆ.

ಇಷ್ಟು ತೋರಿಸಿದರೂ 'ಬೋರ್ಡು ಜಾಸ್ತಿ ಎಳೀತಿರಬಹುದಲ್ಲ' ಅಂದರು. ಸರಿ, ಹಾಗಾದರೆ ಬೋರ್ಡಿಗೆ ಬೇರೆ ಕಡೆಯಿಂದ 5 ವೋಲ್ಟ್ ಕೊಡೋಣ ಅಂದೆ. ನಾನು ಹೆಮ್ಮೆಪಡುವುದು ಈ ಭಾಗಕ್ಕೆ. ಸುಮ್ನೆ ನೇರಳೆ ವೈರಿಗೆ ಚಾರ್ಜರ್ ಜೋಡಿಸಿದರೆ ಎರಡು ಸಪ್ಲೈ ಒಂದಕ್ಕೊಂದು ಗುದ್ದಾಡುತ್ತವೆ, ಹಾಗೆ ಮಾಡಲೇಬಾರದು. ಪ್ಲಗ್ಗಿನಿಂದ ನೇರಳೆ ಪಿನ್ನನ್ನೇ ಹೊರಗೆಳೆಯಬೇಕು. ಇದಕ್ಕೆ ವಿಶೇಷ ಟೂಲ್ ಬೇಡ. ಎರಡು ಸ್ಟೇಪ್ಲರ್ ಪಿನ್ ನೇರ ಮಾಡಿ. ಪ್ಲಗ್ಗಿನ ಮುಂಭಾಗದಿಂದ, ಲೋಹದ ಪಿನ್ನಿನ ಎರಡೂ ಪಕ್ಕದ ಸಂದಿಯಲ್ಲಿ ಒಂದೊಂದು ತೂರಿಸಿ. ಒಳಗೆ ಎರಡು ಪುಟ್ಟ ರೆಕ್ಕೆ ಇರುತ್ತವೆ, ಅವು ಒಳಕ್ಕೆ ಮಡಚಿಕೊಂಡಾಗ ಕೈಗೆ ಗೊತ್ತಾಗುತ್ತದೆ. ಮೊದಲು ವೈರನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಆಮೇಲೆ ಹಿಂದಕ್ಕೆ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬರುತ್ತದೆ. ತಳ್ಳದೆ ಎಳೆದರೆ ವೈರು ಕಿತ್ತು ಬರುತ್ತದೆ.

ಹೊರಬಂದ ಪಿನ್ನಿಗೆ ಟೇಪ್ ಸುತ್ತಿ ಪಕ್ಕಕ್ಕಿಟ್ಟೆ. 2 ಆಂಪಿಯರ್ ಫೋನ್ ಚಾರ್ಜರಿನ ಹಳೇ ಕೇಬಲ್ ಕತ್ತರಿಸಿ, ಅದರ ಕೆಂಪನ್ನು ಖಾಲಿಯಾದ ಜಾಗಕ್ಕೆ, ಕಪ್ಪನ್ನು ಎಸ್‌ಎಂಪಿಎಸ್ ಕಪ್ಪಿಗೆ ಸೇರಿಸಿದೆ. ಮಷೀನು ರಾತ್ರಿಯಿಡೀ ಆಫ್ ಇತ್ತು, ಮಂಜುಗಡ್ಡೆಯಷ್ಟು ತಣ್ಣಗೆ. ಬಟನ್ ಒತ್ತಿದರೆ ಮೊದಲ ಸಲಕ್ಕೇ ಫ್ಯಾನ್, ಬೀಪ್, ಸ್ಕ್ರೀನ್. ನೇರಳೆ ವೈರಿನ ಭಾರ ಇಳಿದದ್ದರಿಂದ ಎಸ್‌ಎಂಪಿಎಸ್ ಮುಖ್ಯ ಭಾಗವೂ ಆರಾಮಾಗಿ ಎದ್ದಿತು. ಬೋರ್ಡು ನಿರಪರಾಧಿ ಅಂತ ಇದಕ್ಕಿಂತ ಸಾಕ್ಷಿ ಬೇಕಾ? ಆಮೇಲೆ ಯಾರೂ ಮಾತಾಡಲಿಲ್ಲ. ಒಬ್ಬರು ಮಾತ್ರ ಚಾರ್ಜರ್ ಹೀಗೇ ಇಟ್ಟುಕೊಳ್ಳಿ ಅಂದರು. ಬೇಡ, ಅದು ಪರೀಕ್ಷೆಗೆ ಮಾತ್ರ.

ಇದೇ ಗುಂಗಿನಲ್ಲಿ ಇನ್ನೊಂದು ಆಟ ಆಡಿದೆ. ಚಾರ್ಜರ್ ಬದಲು ಬೆಂಚ್ ಸಪ್ಲೈ ಹಾಕಿ ವೋಲ್ಟೇಜ್ ಇಳಿಸುತ್ತಾ ಹೋದೆ. ಸುಮಾರು 4.3ರವರೆಗೆ ನನ್ನ ಬೋರ್ಡು ಬಟನ್ನಿಗೆ ಓಗೊಟ್ಟಿತು, ಅದರ ಕೆಳಗೆ ಇಲ್ಲ. ಇನ್ನೊಂದು ಹಳೇ ಬೋರ್ಡು 4ರ ಹತ್ತಿರಕ್ಕೂ ಸೈ ಅಂದಿತು. ಅಂದರೆ ಒಂದೇ ಸುಸ್ತಾದ ಎಸ್‌ಎಂಪಿಎಸ್ ಒಂದು ಬೋರ್ಡನ್ನು ಎಬ್ಬಿಸಿ ಇನ್ನೊಂದನ್ನು ಎಬ್ಬಿಸದೇ ಇರಬಹುದು. 'ಬೇರೆ ಬೋರ್ಡಿಗೆ ಹಾಕಿದ್ರೆ ಕೆಲಸ ಮಾಡುತ್ತೆ, ಹಾಗಾಗಿ ಎಸ್‌ಎಂಪಿಎಸ್ ಸರಿ ಇದೆ' ಅನ್ನುವುದೂ ಹಾಗಾಗಿ ನಿಲ್ಲುವುದಿಲ್ಲ. ಬಣ್ಣದ ಲೈಟಿನ ಕೀಬೋರ್ಡ್ ಕೂಡ ಇದೇ 5 ವೋಲ್ಟಿನಿಂದ ಎಳೆಯುತ್ತದೆ. ಅದನ್ನು ಕಿತ್ತರೆ ಮಷೀನು ಕೆಲವು ನಿಮಿಷ ಬೇಗ ಏಳುತ್ತಿತ್ತು.

ಇನ್ನು ರಿಪೇರಿ. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300ಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇದ್ದರೆ 400ರ ಹತ್ತಿರ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ನಾನು ಹಳೇ ಕಾಲದ ಫಿಲಮೆಂಟ್ ಬಲ್ಬು ಕೊಟ್ಟು ಇಳಿಸಿ, ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕುವುದು. ಈ ಅಭ್ಯಾಸ ಇಲ್ಲದವರು ಮುಚ್ಚಳ ತೆಗೆಯದೆ ಹೊಸ ಎಸ್‌ಎಂಪಿಎಸ್ ತನ್ನಿ, ಅದರಲ್ಲಿ ಅವಮಾನವೇನಿಲ್ಲ.

ಒಳಗೆ ಒಂದೇ ಒಂದು ಕೆಪ್ಯಾಸಿಟರಿನ ತಲೆಯೂ ಉಬ್ಬಿರಲಿಲ್ಲ. ಮೊದಲು ಸ್ಟ್ಯಾಂಡ್‌ಬೈ ಔಟ್‌ಪುಟ್ ಕಡೆಯ ಎರಡನ್ನು ಬದಲಿಸಿದೆ, 1000 ಮೈಕ್ರೋಫ್ಯಾರಡ್ 10 ವೋಲ್ಟಿನವು. ರೆಸಿಸ್ಟರ್ ಹಾಕಿ ನೋಡಿದರೆ 4.1 ಇದ್ದದ್ದು 4.5 ಆಯಿತು ಅಷ್ಟೇ. ಬೆಳಿಗ್ಗೆಯ ಮುಷ್ಕರ ನಿಲ್ಲಲಿಲ್ಲ. ನಿಜವಾದ ಕಳ್ಳ ಆಚೆ ಕಡೆ, ಸ್ಟ್ಯಾಂಡ್‌ಬೈ ಚಿಪ್ಪಿಗೆ ಕರೆಂಟ್ ಕೊಡುವ 47 ಮೈಕ್ರೋಫ್ಯಾರಡ್ 50 ವೋಲ್ಟಿನ ಪುಟ್ಟ ಕೆಪ್ಯಾಸಿಟರ್. ಹೀಟ್‌ಸಿಂಕಿಗೆ ಮೈ ತಾಗಿಸಿಕೊಂಡು ಕೂತಿತ್ತು, ವರ್ಷಗಟ್ಟಲೆ ಬೆಂದು ಒಣಗಿತ್ತು. ಕಿತ್ತು ಅಳೆದರೆ 47ರ ಬದಲು ಆರೋ ಏಳೋ ಬಂತು. ನೋಡಲು ಮಾತ್ರ ಹೊಸದರ ಹಾಗೆ ಫಳಫಳ. ಸರ್ಕ್ಯೂಟ್ ಚಿತ್ರ ಇಲ್ಲದೆ ಇದನ್ನು ಒಂದೇ ನಿಮಿಷದಲ್ಲಿ ಪತ್ತೆ ಹಚ್ಚುವ ಉಪಾಯವೊಂದು ನನ್ನಲ್ಲಿದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಮೊದಲು ಕೈಗೆ ಸಿಕ್ಕ ಮಾಮೂಲಿ 85 ಡಿಗ್ರಿಯದನ್ನು ಹಾಕಿದ್ದೆ. ಮಷೀನು ಎದ್ದಿತು, ಆದರೆ ಕೆಲವೇ ವಾರಕ್ಕೆ ಸ್ಟ್ಯಾಂಡ್‌ಬೈ ಮತ್ತೆ ಜಾರತೊಡಗಿತು. ಆಮೇಲೆ 105 ಡಿಗ್ರಿಯ, ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ) ಇರುವುದನ್ನು ತಂದು, ಕಾಲು ಸ್ವಲ್ಪ ಉದ್ದ ಬಿಟ್ಟು, ಅದಕ್ಕೆ ಪ್ಲಾಸ್ಟಿಕ್ ಸ್ಲೀವ್ ಹಾಕಿ ಹೀಟ್‌ಸಿಂಕಿನಿಂದ ದೂರ ವಾಲಿಸಿ ಬೆಸೆದೆ. ಅಂದಿನಿಂದ ತಣ್ಣಗಿದ್ದಾಗಲೂ 1 ಆಂಪಿಯರಿಗೆ 4.97ರ ಹತ್ತಿರ ನಿಲ್ಲುತ್ತಿದೆ. ಆಸಿಲೋಸ್ಕೋಪಿನಲ್ಲಿ ರಿಪಲ್ (ವೋಲ್ಟೇಜಿನ ಪುಟ್ಟ ಏರಿಳಿತ) ಸುಮಾರು 20 ಮಿಲಿವೋಲ್ಟ್, 50ರವರೆಗೆ ಅವಕಾಶ ಇದೆ. ಮೂಲೆಯ ಎಸ್‌ಎಂಪಿಎಸ್ ಅದೇ ರೆಸಿಸ್ಟರಿಗೆ 4.2 ಕೊಟ್ಟಿತ್ತು. ಅದರಲ್ಲೂ ಅದೇ ಜಾಗದ ಕೆಪ್ಯಾಸಿಟರ್ ಬದಲಿಸಿದೆ, ಈಗ ಅದೂ ಗಟ್ಟಿ.

ಈ ದಾರಿ ಎಲ್ಲಾ ಸತ್ತ ಮಷೀನಿಗೂ ಆಗುವುದಿಲ್ಲ. ಬಟನ್ ಒತ್ತಿದಾಗ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ ಸಾಮಾನ್ಯವಾಗಿ ಎಲ್ಲೋ ಶಾರ್ಟ್ ಇದೆ. ಪ್ರೊಸೆಸರಿನ 8 ಪಿನ್ ಪ್ಲಗ್ ಕಿತ್ತು ಒತ್ತಿ ನೋಡಿ. ಆಗ ಫ್ಯಾನ್ ನಿಲ್ಲದೆ ತಿರುಗಿದರೆ ಪ್ರೊಸೆಸರ್ ಸುತ್ತಲಿನ, ಅದಕ್ಕೆ ಕರೆಂಟ್ ಕೊಡುವ ಮಾಸ್‌ಫೆಟ್‌ಗಳ ಮೇಲೆ ಅನುಮಾನ ಪಡಬೇಕು. ಆದರೆ ಅವುಗಳ ಔಟ್‌ಪುಟ್ ಕಡೆ ಓಮ್ ಅಳೆದು ಸೊನ್ನೆಯ ಹತ್ತಿರ ಬಂತು ಅಂತ ಗಾಬರಿ ಬೀಳಬೇಡಿ, ಪ್ರೊಸೆಸರ್ ಕೂತಿದ್ದರೆ ಅಲ್ಲಿ ಅಷ್ಟೇ ಬರುವುದು. ಅಳೆಯಬೇಕಾದ್ದು 12 ವೋಲ್ಟಿನ ಪಿನ್ನಿನಿಂದ ಕಪ್ಪಿಗೆ. ಫ್ಯಾನ್ ತಿರುಗುತ್ತಲೇ ಇದ್ದು ಸ್ಕ್ರೀನ್ ಬರದಿದ್ದರೆ, ವೋಲ್ಟೇಜ್ ಸರಿ ಇದೆ ಅಂತ ಬೋರ್ಡಿಗೆ ಹೇಳುವ ಬೂದು ವೈರು ನೋಡಿ. ಆನ್ ಆದ ಅರ್ಧ ಸೆಕೆಂಡಿನೊಳಗೆ ಅದು 5 ವೋಲ್ಟಿಗೆ ಏರಬೇಕು. ನೇರಳೆ ವೈರು 1 ಆಂಪಿಯರಿಗೂ 4.9 ಬಿಡದೆ, ಬಟನ್ ಒತ್ತಿದಾಗ ಹಸಿರು ವೈರು ಅಲುಗದೇ ಇದ್ದರೆ ಆಗ ಬೋರ್ಡಿನ ಸೂಪರ್ ಐಒ (ಬಟನ್ ನೋಡಿಕೊಳ್ಳುವ ಚಿಪ್ಪು) ಕಡೆ ಹೋಗಿ, ನಾನೂ ಆಗ ತಕರಾರು ಮಾಡುವುದಿಲ್ಲ.